ಇಪ್ಪತ್ತನೇ ಮೀಟರಿನ ಆನೆ



ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಗೋಡೆಯ ಗೂಡಿನೊಳಗೆ ಒಂದು ರೇಡಿಯೋ ಇತ್ತು. ಅದು ಕರೆಂಟಿಗೂ ಆಗುತ್ತಿತ್ತು, ಸೆಲ್ಲಿಗೂ ಆಗುತ್ತಿತ್ತು. ಕರೆಂಟಿಗೆ ಹಾಕಿದರೆ ವಾರ್ತೆಯ ಹಿಂದೆ ಸದಾ ಗುಂಯ್ ಎನ್ನುವ ಸದ್ದು. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿತೆಂದರೆ ವಾರ್ತೆಯೇ ಮುಚ್ಚಿಹೋಗುತ್ತಿತ್ತು. ಆಗ ಅಪ್ಪ ವಯರು ಕಿತ್ತು, ಬಿಸಿಲಿಗಿಟ್ಟು ಜೋಪಾನ ಮಾಡಿದ್ದ ಸೆಲ್ಲುಗಳನ್ನು ಹಾಕುತ್ತಿದ್ದರು. ಗುಂಯ್ ಸದ್ದು ನಿಂತು, ಮೈಸೂರು ಆಕಾಶವಾಣಿಯ ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು.

ಕೇಂದ್ರ ಅದೇ, ದನಿ ಅದೇ, ಪೆಟ್ಟಿಗೆಯೂ ಅದೇ. ಬದಲಾದದ್ದು ಆ ಪೆಟ್ಟಿಗೆ ಉಣ್ಣುವ ವಿದ್ಯುತ್ತು ಮಾತ್ರ. ಮುಂದೆ ಓದಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿದ್ದೆಲ್ಲ ಒಂದು ರೀತಿಯಲ್ಲಿ ಅದೇ ಗುಂಯ್ ಸದ್ದಿನ ಬೆನ್ನು ಹತ್ತಿದ ಕೆಲಸ. ಇವತ್ತು ಹೇಳಹೊರಟಿರುವುದೂ ಅದನ್ನೇ. ವ್ಯತ್ಯಾಸ ಇಷ್ಟೆ: ಆಗ ಸದ್ದು ಬಂದರೆ ವಾರ್ತೆ ತಪ್ಪುತ್ತಿತ್ತು. ಈಗ ನಾನು ಹೇಳುವ ಯಂತ್ರದಲ್ಲಿ ಆ ಸದ್ದು ಸೇರಿಕೊಂಡರೆ ಇಲ್ಲದ ಆನೆ ಕಾಣುತ್ತದೆ, ಇರುವ ಆನೆ ಕಾಣದೆ ಹೋಗಬಹುದು.

ಅಪ್ಪ ಲಾರಿ ಓಡಿಸುತ್ತಿದ್ದವರು. ತೆರಕಣಾಂಬಿ ಸಂತೆಯಲ್ಲಿ ತರಕಾರಿ ತುಂಬಿಕೊಂಡು ಮದ್ದೂರು ಗೇಟು, ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕೋಳಿಕ್ಕೋಡಿಗೆ. ಕೆಲವು ಸಲ ಮೇಲುಕಾಮನಹಳ್ಳಿ ಮೇಲೆ ಬಂಡೀಪುರ ಹಾದು ಊಟಿಗೆ. ಎರಡು ರಸ್ತೆಯೂ ಹುಲಿ ಯೋಜನೆಯ ಕಾಡಿನ ನಡುವೆಯೇ ಹೋಗುತ್ತವೆ. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ರಸ್ತೆಗಳಲ್ಲಿ ವಾಹನ ಓಡಾಡಬಾರದೆಂದು ಆದದ್ದು 2009ರಲ್ಲಿ. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದಕ್ಕೂ ಹಿಂದಿನ ರಾತ್ರಿಗಳನ್ನು ಅಪ್ಪ ಕಂಡವರು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ರಸ್ತೆಯಲ್ಲಿ ನಿಂತಿರುವುದು ಏನೆಂದು ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದ್ದೆ. "ತಿಳಿಯಕ್ಕಿಲ್ಲ ಮಗ. ಆಗ ಆನೆನೂ ಒಂದೇಯ, ಕತ್ಲೆನೂ ಒಂದೇಯ" ಅಂದಿದ್ದರು.

ಬೆಳಕು ಸೋಲುವ ಆ ಜಾಗದಲ್ಲಿ ಕೆಲಸ ಮಾಡುವುದು ರೇಡಾರ್. ರೇಡಾರೂ ರೇಡಿಯೋವೇ, ತರಂಗ ಮಾತ್ರ ತೀರಾ ಗಿಡ್ಡ. ವಾಹನಗಳ ರೇಡಾರು ಬಳಸುವುದು 76ರಿಂದ 81 ಗಿಗಾಹರ್ಟ್ಸ್ ಪಟ್ಟಿಯನ್ನು. ಅಲ್ಲಿ ಒಂದು ಅಲೆಯ ಉದ್ದ ಸುಮಾರು 4 ಮಿಲಿಮೀಟರ್, ಒಂದು ತೊಗರಿ ಕಾಳಿನಷ್ಟು. ಇಂಥ ಗಿಡ್ಡ ಅಲೆಗಳನ್ನು ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ 1895ರಷ್ಟು ಹಿಂದೆಯೇ ಹುಟ್ಟಿಸಿ, ದೂರದಲ್ಲಿದ್ದ ಗಂಟೆ ಬಾರಿಸಿ ತೋರಿಸಿದ್ದರು. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದದ್ದು ಅದಾಗಿ ನಲವತ್ತು ವರ್ಷಕ್ಕೆ, 1935ರಲ್ಲಿ. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂತು.

ಈ ಅಲೆಗಳಿಗೆ ಕತ್ತಲೆ ಲೆಕ್ಕವಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ಇಳಿದುಬರುವ ಮಂಜು ಇವಕ್ಕೆ ತಡೆಯೇ ಅಲ್ಲ. ಧೂಳಿಗೂ ಹೆದರುವುದಿಲ್ಲ. ಪ್ರಾಣಿಯ ಮೈಯಲ್ಲಿ ನೀರಿನ ಅಂಶ ಹೆಚ್ಚಾದ್ದರಿಂದ ಆನೆ, ಕಾಟಿ, ಕಡವೆಗಳ ಮೈಯಿಂದ ಇವು ಚೆನ್ನಾಗಿ ಪುಟಿಯುತ್ತವೆ. ಆದರೆ ಒಂದು ಮಿತಿಯನ್ನು ಈಗಲೇ ಹೇಳಿಬಿಡುತ್ತೇನೆ. ರಸ್ತೆಯಂಚಿನ ಲಂಟಾನ ಪೊದೆಯ ಹಿಂದೆ ನಿಂತ ಆನೆಯನ್ನು ಇವೂ ಕಾಣಲಾರವು. ಒದ್ದೆ ಎಲೆಗಳ ಗೋಡೆ ಇವಕ್ಕೂ ಗೋಡೆಯೇ.

ಒಂದು ಕಾಲದಲ್ಲಿ ರೇಡಾರ್ ಎಂದರೆ ಸೈನ್ಯದ ಸೊತ್ತು. ಈಗ ಅದು ಬೆರಳುಗುರಿನಷ್ಟು ದೊಡ್ಡ ಒಂದು ಚಿಪ್ಪು. ಇದರಲ್ಲಿ ನಮ್ಮ ನಾಡಿನವರ ಕೈಯೂ ಇದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅದರ ಉಪಗ್ರಹ ಸಂಪರ್ಕದ ಸಾಮಾನು ಎತ್ತಿನಗಾಡಿಯ ಮೇಲೆ ಬಂದ ಕಥೆಯನ್ನು ಊರಿನ ಎಂಜಿನಿಯರುಗಳೆಲ್ಲ ಬಲ್ಲರು. 2017ರಲ್ಲಿ ಆ ಕಂಪನಿ ಕಾರಿಗೂ ಕಾರ್ಖಾನೆಗೂ ಆಗುವ ಒಂದೇ ಚಿಪ್ಪಿನ ರೇಡಾರುಗಳನ್ನು ಹೊರತಂದಾಗ ಅವುಗಳ ವಿನ್ಯಾಸದಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲಿ ಕೂತು ದುಡಿದವರದು.

ರೇಡಾರಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅದಕ್ಕೆ ಅನ್ನ ಬಡಿಸುವ ಇನ್ನೊಂದು ಚಿಪ್ಪು ಪಕ್ಕದಲ್ಲೇ ಕೂತಿರುತ್ತದೆ, ಅದರ ಸುದ್ದಿ ಎತ್ತುವವರು ಕಡಿಮೆ. ಪವರ್ ಮ್ಯಾನೇಜ್‌ಮೆಂಟ್ ಚಿಪ್ ಎಂದು ಅದರ ಹೆಸರು. ನನ್ನ ಮನಸ್ಸಿಗೆ ಅದು ಕೆರೆಯ ನೀರುಗಂಟಿ.

ನೀರುಗಂಟಿಯ ಕೆಲಸ ಹಳಬರಿಗೆ ಗೊತ್ತು. ಕೆರೆಯ ನೀರು ಒಂದೇ, ಬಯಲಿನ ಗದ್ದೆಗಳು ಹಲವು. ಯಾವ ತೂಬು ಯಾವಾಗ ಎತ್ತಬೇಕು, ಎಷ್ಟು ಗೇಣು ಎತ್ತಬೇಕು, ಯಾರ ಗದ್ದೆಗೆ ಮೊದಲು, ಯಾರದಕ್ಕೆ ಆಮೇಲೆ, ಕಾಲುವೆ ಒಡೆದರೆ ಯಾವುದನ್ನು ಮೊದಲು ಮುಚ್ಚಬೇಕು ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ರೇಡಾರ್ ಚಿಪ್ಪಿನೊಳಗೂ ಗದ್ದೆಗಳು ಬೇರೆಬೇರೆ. ಲೆಕ್ಕ ಮಾಡುವ ಭಾಗಕ್ಕೆ 1.2 ವೋಲ್ಟ್ ಬೇಕು. ಗಡಿಯಾರದ ಭಾಗಕ್ಕೆ 1.8. ಹೊರಗಿನ ಜೊತೆ ಮಾತಾಡುವ ಕಾಲುಗಳಿಗೆ 3.3. ಅಲೆಗಳನ್ನು ಕಳಿಸಿ ಕೇಳಿಸಿಕೊಳ್ಳುವ ಭಾಗಕ್ಕೆ 1.3 ಅಥವಾ 1.0 ವೋಲ್ಟ್. ವಾಹನದ ಉಳಿದ ಯಂತ್ರಗಳಿಗೆ ಸುದ್ದಿ ಮುಟ್ಟಿಸುವ ಸಂಪರ್ಕದ ಚಿಪ್ಪಿಗೆ 5 ವೋಲ್ಟ್. ಮೂಲ ಮಾತ್ರ ಒಂದೇ: ಕಾರಿನ 12 ವೋಲ್ಟ್ ಬ್ಯಾಟರಿ, ಲಾರಿಯಾದರೆ 24.

ಈಗ ರೇಡಾರು ದೂರ ಅಳೆಯುವ ಬಗೆಯನ್ನು ಹೇಳಬೇಕು, ಇಲ್ಲದಿದ್ದರೆ ನನ್ನ ಆನೆಯ ಕಥೆ ಅರ್ಥವಾಗುವುದಿಲ್ಲ. ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಒಂದೇ ಸಮನೆ ಜಾರುತ್ತ ಹೋಗುವ ನಾಗಸ್ವರವನ್ನು ನೆನೆಯಿರಿ. ಎದುರಿಗೆ ಒಂದು ಬಂಡೆ ಇದೆ. ಬಂಡೆಗೆ ತಾಗಿ ಬರುವ ಮಾರ್ದನಿ ನಿಮ್ಮ ಕಿವಿ ಮುಟ್ಟುವಷ್ಟರಲ್ಲಿ ನಾಗಸ್ವರ ಇನ್ನೂ ಮೇಲೆ ಹೋಗಿರುತ್ತದೆ. ಈಗ ನುಡಿಯುತ್ತಿರುವ ಸ್ವರಕ್ಕೂ ಮರಳಿಬಂದ ಸ್ವರಕ್ಕೂ ಇರುವ ಅಂತರವೇ ಬಂಡೆಯ ದೂರ. ಬಂಡೆ ದೂರವಾದಷ್ಟೂ ಅಂತರ ಹೆಚ್ಚು. ನನ್ನ ರೇಡಾರಿನ ಸ್ವರ ಒಂದು ಮೈಕ್ರೋಸೆಕೆಂಡಿಗೆ 30 ಮೆಗಾಹರ್ಟ್ಸ್ ಏರುತ್ತಿತ್ತು. 20 ಮೀಟರ್ ದೂರದ ವಸ್ತುವನ್ನು ಮುಟ್ಟಿ ಬರಲು ಅಲೆಗೆ 0.133 ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಸ್ವರ 4 ಮೆಗಾಹರ್ಟ್ಸ್ ಮೇಲೆ ಹೋಗಿರುತ್ತದೆ. ಅಂದರೆ ರೇಡಾರಿನ ಕಿವಿಗೆ 4 ಮೆಗಾಹರ್ಟ್ಸಿನ ನಾದ ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ: ಮುಂದೆ 20 ಮೀಟರಿಗೆ ಏನೋ ನಿಂತಿದೆ. ಈ 4 ಎಂಬ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೆಚ್ಚು ವೋಲ್ಟನ್ನು ಕಡಿಮೆ ವೋಲ್ಟಿಗೆ ಇಳಿಸಲು ವಿದ್ಯುತ್ ಚಿಪ್ಪಿಗೆ ಸುಲಭದ ದಾರಿ ಎಂದರೆ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುವುದು. ತೆರೆದಾಗ ನುಗ್ಗಿದ್ದನ್ನು ಒಂದು ಸುರುಳಿ, ಒಂದು ಕೆಪಾಸಿಟರ್ ತಡೆದು ನಯವಾಗಿ ಹರಿಸುತ್ತವೆ. ಬಿಂದಿಗೆ ಬಿಂದಿಗೆಯಾಗಿ ತೊಟ್ಟಿಗೆ ಸುರಿದರೂ ತೊಟ್ಟಿಯ ನಲ್ಲಿಯಲ್ಲಿ ನೀರು ಧಾರೆಯಾಗಿ ಬರುವ ಹಾಗೆ. ಆದರೆ ಬಿಂದಿಗೆ ಸುರಿದಾಗಲೆಲ್ಲ ತೊಟ್ಟಿಯ ನೀರು ಒಂದಿಷ್ಟು ತುಳುಕುತ್ತದಲ್ಲ, ಆ ತುಳುಕನ್ನು ನಾವು ರಿಪಲ್ ಎನ್ನುತ್ತೇವೆ. ರೇಡಾರಿಗೆಂದೇ ಬಳಸುವ ಇಂಥ ಚಿಪ್ಪುಗಳಲ್ಲಿ ಒಂದು, ಎಲ್‌ಪಿ87524, ನಾಲ್ಕು ತೂಬುಗಳನ್ನು ನೋಡಿಕೊಳ್ಳುತ್ತದೆ. ಅದು ಬಾಗಿಲು ತೆರೆದು ಮುಚ್ಚುವುದು ಸೆಕೆಂಡಿಗೆ 40 ಲಕ್ಷ ಸಲ. ಅಂದರೆ 4 ಮೆಗಾಹರ್ಟ್ಸ್.

ಹಾಗಾದರೆ ಆ ತುಳುಕು ರೇಡಾರಿನ ಕಿವಿಗೆ ಸೇರಿದರೆ? ರೇಡಾರು ಸುಳ್ಳು ಹೇಳುವುದಿಲ್ಲ, ಆದರೆ ತನಗೆ ಕೇಳಿದ್ದನ್ನು ಹೇಳುತ್ತದೆ. ಮುಂದೆ 20 ಮೀಟರಿಗೆ ಏನೋ ನಿಂತಿದೆ ಎನ್ನುತ್ತದೆ.

ಇದು ನನ್ನ ಕೈಯಲ್ಲೇ ಆಯಿತು. ಆಗ ಹೊಸದಾಗಿ ರೇಡಾರ್ ಕೆಲಸ ಹಿಡಿದಿದ್ದೆ. ರಸ್ತೆಯ ಬದಿಯ ಕಂಬಕ್ಕೆ ಕಟ್ಟುವಂಥ ಒಂದು ಸೆನ್ಸರ್ ಮಾಡಿ, ಖಾಲಿ ಮೈದಾನದಲ್ಲಿ ನಿಲ್ಲಿಸಿ ನೋಡಿದರೆ ತೆರೆಯ ಮೇಲೆ 20 ಮೀಟರಿಗೆ ಸರಿಯಾಗಿ ಒಂದು ಗುರುತು. ಹೋಗಿ ನೋಡಿದೆ, ಬರಿಯ ಹುಲ್ಲು. ಸೆನ್ಸರನ್ನು ಬೇರೆ ದಿಕ್ಕಿಗೆ ತಿರುಗಿಸಿದೆ, ಅಲ್ಲಿಯೂ 20 ಮೀಟರ್. ಕೊನೆಗೆ ಆಕಾಶಕ್ಕೆ ಮುಖ ಮಾಡಿಟ್ಟೆ. ಆಕಾಶದಲ್ಲಿಯೂ 20 ಮೀಟರಿಗೆ ಅದೇ ಗುರುತು ನಿಂತಿತ್ತು. ಜೊತೆಗಿದ್ದ ಹುಡುಗರು ಅದಕ್ಕೆ ಆನೆ ಎಂದು ಹೆಸರಿಟ್ಟರು.

ಆಗ ನಾನು ಮಾಡಿದ ತಪ್ಪನ್ನು ಇವತ್ತಿಗೂ ಮರೆತಿಲ್ಲ. ತೋರಿಸಬೇಕಾದ ದಿನ ಹತ್ತಿರವಿತ್ತು. 20 ಮೀಟರಿನಲ್ಲಿ ಕಾಣುವ ಅಲುಗದ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ತಂತ್ರಾಂಶದಲ್ಲಿ ಒಂದು ಸಾಲು ಬರೆದುಬಿಟ್ಟೆ. ತೆರೆ ಚೊಕ್ಕಟವಾಯಿತು. ಮಾರನೆಯ ದಿನ ಪರೀಕ್ಷೆಗೆಂದು ಒಬ್ಬ ಹುಡುಗ ಮೈದಾನದಲ್ಲಿ ನಡೆದುಬರುತ್ತಿದ್ದ. 30 ಮೀಟರಿನಲ್ಲಿ ಕಂಡ, 25ರಲ್ಲಿ ಕಂಡ. ಬೂಟಿನ ದಾರ ಕಟ್ಟಿಕೊಳ್ಳಲು ಕೂತ. ಕೂತದ್ದು 20ನೇ ಮೀಟರಿನಲ್ಲಿ. ತೆರೆಯ ಮೇಲಿಂದ ಅವನು ಅಳಿಸಿಹೋದ. ಕಣ್ಣೆದುರಿಗೆ ಬಿಸಿಲಲ್ಲಿ ಕೂತಿರುವ ಹುಡುಗ, ಯಂತ್ರದ ಪಾಲಿಗೆ ಇಲ್ಲ. ನನ್ನ ಕೈಕಾಲು ತಣ್ಣಗಾದವು. ಆ ಸಾಲನ್ನು ಅಲ್ಲೇ ಅಳಿಸಿದೆ.

ಗುರುತು ನಿಜವೋ ಸುಳ್ಳೋ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಸ್ವರ ಏರುವ ವೇಗವನ್ನು ಬದಲಾಯಿಸಬೇಕು. 30ರ ಬದಲು ಮೈಕ್ರೋಸೆಕೆಂಡಿಗೆ 40 ಮೆಗಾಹರ್ಟ್ಸ್ ಏರಿಸಿದೆ. ನಿಜವಾದ ವಸ್ತುಗಳು ಇದ್ದಲ್ಲೇ ಇದ್ದವು, ಏಕೆಂದರೆ ಅವುಗಳ ನಾದವೂ ಜೊತೆಗೆ ಬದಲಾಗುತ್ತದೆ. ನನ್ನ ಆನೆ ಮಾತ್ರ 20ರಿಂದ 15 ಮೀಟರಿಗೆ ಜಿಗಿಯಿತು. ಅದರ ನಾದ ಹೊರಗಿನಿಂದ ಬರುತ್ತಿರಲಿಲ್ಲ, ಮನೆಯೊಳಗಿನ ಮಿಕ್ಸಿಯಿಂದ ಬರುತ್ತಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಅಕ್ಕಿಕಾಳಿನಷ್ಟು ದೊಡ್ಡ ಒಂದು ಭಾಗ, ಫೆರೈಟ್ ಬೀಡ್. ವಿದ್ಯುತ್ ಚಿಪ್ಪಿಗೂ ರೇಡಾರಿಗೂ ನಡುವೆ ತುಳುಕನ್ನು ಸೋಸಲು ಅದನ್ನು ಹಾಕುತ್ತೇವೆ. ಕ್ಯಾಟಲಾಗಿನಲ್ಲಿ ಅದರ ಸಾಮರ್ಥ್ಯವನ್ನು ಬರೆಯುವುದು 100 ಮೆಗಾಹರ್ಟ್ಸಿನಲ್ಲಿ. ನಾನು ಆ ಸಂಖ್ಯೆ ನೋಡಿ ಆರಿಸಿದ್ದೆ. 4 ಮೆಗಾಹರ್ಟ್ಸಿನಲ್ಲಿ ಅದು ಏನು ಮಾಡುತ್ತದೆ, ಅದರ ಮೂಲಕ ಆಂಪೇರುಗಟ್ಟಲೆ ಕರೆಂಟು ಹರಿಯುವಾಗ ಎಷ್ಟು ಸೊರಗುತ್ತದೆ ಎಂದು ನೋಡಿರಲಿಲ್ಲ. ಅಲ್ಲಿ ಅದು ಬರೀ ತಂತಿಯಾಗಿತ್ತು. ರೇಡಾರಿನ ಕಿವಿಯಿರುವ 1 ವೋಲ್ಟಿನ ಕಾಲುವೆಯಲ್ಲಿ ಕೆಲವು ಆವರ್ತನಗಳಿಗೆ ಇರಬಹುದಾದ ತುಳುಕು 10 ಮೈಕ್ರೋವೋಲ್ಟಿಗಿಂತ ಕಡಿಮೆ. ಲಕ್ಷದಲ್ಲಿ ಒಂದು ಪಾಲೂ ಅಲ್ಲ. ನೂರು ಕಿಲೋ ಅರಿಸಿನದ ಮೂಟೆಯಲ್ಲಿ ಒಂದು ಗ್ರಾಂ ಕಸಕ್ಕೂ ಜಾಗವಿಲ್ಲ ಎಂದ ಹಾಗೆ.

ತುಳುಕನ್ನು ಸೋಸಿದರಷ್ಟೇ ಸಾಲದು, ನೀರುಗಂಟಿಗೆ ಸರಿಯಾದ ಅಪ್ಪಣೆಯೂ ಬೇಕು. ವಿದ್ಯುತ್ ಚಿಪ್ಪಿನೊಳಗೆ ರಿಜಿಸ್ಟರುಗಳೆಂಬ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಅವುಗಳಲ್ಲಿ ನಾವು ಬರೆಯುವ ಸಂಖ್ಯೆಗಳೇ ನೀರುಗಂಟಿಗೆ ಹೇಳುವ ಮಾತು. ಕೆಲವನ್ನು ಕಾರ್ಖಾನೆಯಲ್ಲೇ ಅಳಿಸಲಾಗದಂತೆ ಬರೆದಿರುತ್ತಾರೆ, ಉಳಿದವನ್ನು ಎರಡು ತಂತಿಗಳ ಮೂಲಕ ನಾವು ಬರೆಯಬಹುದು. ಅಂಥ ಒಂದು ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಹೊರೆ ಕಡಿಮೆ ಇದ್ದಾಗ ಚಿಪ್ಪು ವಿದ್ಯುತ್ ಉಳಿಸಲು ಬಾಗಿಲು ತೆಗೆಯುವುದನ್ನು ತಾನೇ ನಿಧಾನ ಮಾಡುತ್ತದೆ. ಫೋನಿಗೆ ಅದು ಒಳ್ಳೆಯದು. ರೇಡಾರಿಗೆ ಅದು ಕೇಡು, ಏಕೆಂದರೆ ಆಗ ತುಳುಕಿನ ಆವರ್ತನ ನಿಂತಲ್ಲಿ ನಿಲ್ಲದೆ ಕೆಳಗೆ ಮೇಲೆ ಅಲೆಯುತ್ತದೆ. ಸುಳ್ಳು ಆನೆ ನಡೆದಾಡಲು ಶುರು ಮಾಡುತ್ತದೆ. ನಿಂತ ಸುಳ್ಳನ್ನು ಹಿಡಿಯಬಹುದು, ನಡೆಯುವ ಸುಳ್ಳನ್ನು ಹಿಡಿಯುವುದು ಬಹಳ ಕಷ್ಟ. ಆದ್ದರಿಂದ ಹೊರೆ ಎಷ್ಟೇ ಇರಲಿ ಒಂದೇ ತಾಳದಲ್ಲಿ ಬಾಗಿಲು ಬಡಿ ಎಂದು ಕಟ್ಟಪ್ಪಣೆ ಬರೆಯಬೇಕು. ನಾಲ್ಕು ಬಾಗಿಲೂ ಒಟ್ಟಿಗೆ ಬಡಿಯದೆ ಒಂದರ ಹಿಂದೆ ಒಂದು ಬಡಿಯುವಂತೆ ಮಾಡಿದರೆ ಮೂಲದ ಮೇಲೆ ಬೀಳುವ ಎಳೆತವೂ ಕಡಿಮೆ. ತಾಳವನ್ನು ತುಸುವೇ ಹಿಂದೆಮುಂದೆ ಮಾಡಿ ಸದ್ದನ್ನು ಹರಡಿಬಿಡುವ ಉಪಾಯವೂ ಇದೆ. ಒಂದು ಕಡೆ ಎತ್ತರವಾಗಿ ನಿಲ್ಲುವ ಸದ್ದು ಅಗಲವಾಗಿ ಹರಡಿದರೆ ತಗ್ಗುತ್ತದೆ, ಆದರೆ ಪೂರಾ ಹೋಗುವುದಿಲ್ಲ. ಈಚಿನ ಚಿಪ್ಪುಗಳು ಬೇರೆ ಹಾದಿ ಹಿಡಿದಿವೆ. ಎಲ್‌ಪಿ87745 ಎಂಬುದು 17.6 ಮೆಗಾಹರ್ಟ್ಸಿನಲ್ಲಿ ಬಾಗಿಲು ಬಡಿಯಬಲ್ಲದು. ನನ್ನ ಆ ರೇಡಾರಿನ ಲೆಕ್ಕದಲ್ಲಿ ಅದು 88 ಮೀಟರಿನ ನಾದ. ರೇಡಾರು ಕೇಳಿಸಿಕೊಳ್ಳುವುದು 50 ಮೀಟರಿನವರೆಗೆ, ಅಂದರೆ 10 ಮೆಗಾಹರ್ಟ್ಸಿನವರೆಗೆ ಮಾತ್ರವಾದರೆ, ಆ ಸದ್ದು ಕಿವಿಗೆ ಎಟುಕದ ಎತ್ತರದಲ್ಲಿ ಇದ್ದುಬಿಡುತ್ತದೆ.

ಇನ್ನು ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಸರದಿ. ಬೆಳಗಿನ 6 ಗಂಟೆಗೆ ಮೇಲುಕಾಮನಹಳ್ಳಿ ಗೇಟಿನ ಮುಂದೆ ನಿಂತು ನೋಡಿ. ರಾತ್ರಿಯೆಲ್ಲ ನಿಂತಿದ್ದ ಲಾರಿಗಳು ಒಂದರ ಹಿಂದೆ ಒಂದು ಸೆಲ್ಫ್ ಹೊಡೆಯುತ್ತವೆ. ಚಳಿಗೆ ಬ್ಯಾಟರಿ ಸೊರಗಿರುತ್ತದೆ. ಸೆಲ್ಫ್ ಮೋಟರು ಎಳೆದ ಆ ಎರಡು ಸೆಕೆಂಡಿನಲ್ಲಿ ವೋಲ್ಟೇಜು ಧುತ್ತನೆ ಕುಸಿಯುತ್ತದೆ, ಮತ್ತೆ ಏರುತ್ತದೆ. ಆ ಕುಸಿತದಲ್ಲಿ ರೇಡಾರು ಅರ್ಧ ಎದ್ದು ಅರ್ಧ ಮಲಗಿದ ಸ್ಥಿತಿಯಲ್ಲಿ ಉಳಿಯಬಾರದು. ಒಂದೊಂದು ವೋಲ್ಟೇಜೂ ನಿಗದಿಯಾದ ಕ್ರಮದಲ್ಲಿ, ಮಿಲಿಸೆಕೆಂಡುಗಳ ಅಂತರದಲ್ಲಿ ಏರಬೇಕು. ಎಲ್ಲವೂ ತಮ್ಮ ಗೆರೆ ಮುಟ್ಟಿವೆ ಎಂದು ಖಾತರಿಯಾಗುವ ತನಕ ರೀಸೆಟ್ಟಿನ ಹಗ್ಗ ಬಿಡಬಾರದು. ಒಂದೇ ಒಂದು ಗೆರೆ ತಪ್ಪಿದರೂ ಎಲ್ಲವನ್ನೂ ಕ್ರಮವಾಗಿ ಇಳಿಸಿ ಮೊದಲಿಂದ ಎಬ್ಬಿಸಬೇಕು. ರೇಡಾರು ತಾನು ಎಚ್ಚರವಾಗಿದ್ದೇನೆಂದು ಆಗಾಗ ಓಗೊಡಬೇಕು. ಓಗೊಡದಿದ್ದರೆ ವಿದ್ಯುತ್ ಚಿಪ್ಪೇ ಅದನ್ನು ಮಲಗಿಸಿ ಎಬ್ಬಿಸುತ್ತದೆ. ಹೊಲ ಕಾಯುವವರು ಅಟ್ಟಣೆಯಿಂದ ಅಟ್ಟಣೆಗೆ ಕೂಗು ಹಾಕುವ ಹಾಗೆ.

ಸುಳ್ಳು ಗುರುತಿನಿಂದ ಏನಾಗಿಬಿಡುತ್ತದೆ, ಬ್ರೇಕು ಬಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಇಲ್ಲದ ಆನೆಗೆ ಅದು ಗಕ್ಕನೆ ನಿಂತರೆ, ಹಿಂದೆ ಕಬ್ಬಿನ ಲೋಡಿನ ಲಾರಿ ಇದ್ದರೆ, ಆ ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ನಡುವಿನ ಜಾಗ ಮುಗಿದಿರುತ್ತದೆ. ಚಾಮರಾಜನಗರದಿಂದ ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯುವ ರಸ್ತೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಲಾರಿ ಕಂಡರೆ ಆನೆಗಳು ರಸ್ತೆಗೇ ಬಂದು ನಿಲ್ಲುವ ದಾರಿ ಅದು. ಅಲ್ಲಿ ನಿಜವಾದ ಆನೆಗೆ ಬ್ರೇಕು ಬೀಳಲೂಬೇಕು, ಸುಳ್ಳು ಆನೆಗೆ ಬೀಳಲೂಬಾರದು.

ಒಂದು ಮಾತು ಸ್ಪಷ್ಟವಾಗಿರಲಿ. ವಾಹನಗಳಿಗೆ ರೇಡಾರು ಬಂತು, ಇನ್ನು ಬಂಡೀಪುರದ ರಸ್ತೆಯನ್ನು ರಾತ್ರಿಯೂ ತೆರೆಯಿರಿ ಎಂದು ಹೇಳುವವರ ಜೊತೆ ನಾನಿಲ್ಲ. ರೇಡಾರು ಡಿಕ್ಕಿ ತಪ್ಪಿಸಬಹುದು. ಮರಿಯನ್ನು ನಡುವಿಗಿಟ್ಟುಕೊಂಡು ರಸ್ತೆ ದಾಟಲು ನಿಂತ ಹಿಂಡಿಗೆ ಬೇಕಾದ ಕತ್ತಲೆಯನ್ನೂ ಮೌನವನ್ನೂ ಅದು ಕೊಡಲಾರದು. ರೇಡಾರು ಬೇಕಿರುವುದು ಗೇಟು ತೆರೆದಿರುವ ಹೊತ್ತಿನಲ್ಲಿ, ಮುಖ್ಯವಾಗಿ ಮಂಜಿನ ಮುಂಜಾನೆಗೆ, ಕಣ್ಣು ಸೋಲುವ ಮುಸ್ಸಂಜೆಗೆ.

ಇದೇ ರೇಡಾರ್ ಚಿಪ್ಪುಗಳ ಇನ್ನೊಂದು ಕುಲ ಕಾರ್ಖಾನೆಗೂ ಕೆರೆಗೂ ಸೇರಿದ್ದು. ತೊಟ್ಟಿಯ, ಕಾಲುವೆಯ, ಜಲಾಶಯದ ನೀರಿನ ಮಟ್ಟವನ್ನು ನೀರು ಮುಟ್ಟದೆ ಮೇಲಿನಿಂದಲೇ ಅಳೆಯುತ್ತವೆ. ಸುವರ್ಣಾವತಿ, ಚಿಕ್ಕಹೊಳೆಯಂಥ ಜಲಾಶಯಗಳಿಗೂ, ಕಬಿನಿಯಿಂದ ಎತ್ತಿದ ನೀರು ಬಂದು ಬೀಳುವ ನಮ್ಮ ಕೆರೆಗಳಿಗೂ ಒಪ್ಪುವ ಯಂತ್ರ. ಅಲ್ಲಿ ಬ್ಯಾಟರಿ ಸಣ್ಣದು, ಸೋಲಾರ್ ಹಲಗೆ ಸಣ್ಣದು. ಕಾಲು ಗಂಟೆಗೊಮ್ಮೆ ಎದ್ದು, ಕ್ಷಣದಲ್ಲಿ ಅಳೆದು, ಮತ್ತೆ ಮಲಗಬೇಕು. ಅಲ್ಲಿ ನೀರುಗಂಟಿಯ ಜಾಣತನವೆಲ್ಲ ತೂಬು ಮುಚ್ಚುವುದರಲ್ಲಿ. ಮಲಗಿದಾಗ ಜಿನುಗುವ ಕರೆಂಟು ಮೈಕ್ರೋಆಂಪೇರುಗಳಲ್ಲಿ ಉಳಿಯದಿದ್ದರೆ ಮೋಡ ಮುಚ್ಚಿದ ಜುಲೈ ತಿಂಗಳಲ್ಲಿ ಸೆನ್ಸರ್ ಸತ್ತುಹೋಗುತ್ತದೆ, ಕೆರೆ ತುಂಬುವ ಹೊತ್ತಿಗೇ.

ನನ್ನ ಆನೆಯ ವಿಷಯಕ್ಕೆ ಮರಳುತ್ತೇನೆ. ಬೀಡ್ ಬದಲಾಯಿಸಿದೆ, ಪಕ್ಕದಲ್ಲಿ ಕೆಪಾಸಿಟರ್ ಹೆಚ್ಚಿಸಿದೆ. ಒಂದೇ ತಾಳದ ಅಪ್ಪಣೆ ಬರೆದೆ. 20ನೇ ಮೀಟರಿನ ಗುರುತು ಕರಗಿತು. ಮುಂದಿನ ವಾರ ಊರಿಗೆ ಹೋಗುವಾಗ ಸೆನ್ಸರನ್ನೂ ಲ್ಯಾಪ್‌ಟಾಪನ್ನೂ ಜೊತೆಗೆ ಒಯ್ದೆ. ದೀಪ ಹಚ್ಚುವ ಹೊತ್ತು. ಸೂರ್ಯಕಾಂತಿಯ ಹೊಲದ ಬದುವಿನ ಮೇಲೆ ಒಂದು ಪೆಟ್ಟಿಗೆಯಿಟ್ಟು, ಕಾಡಿನ ಕಡೆಗೆ ಅದರ ಮುಖ ಮಾಡಿದೆ. ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಮಂಜು ಇಳಿಯುತ್ತಿತ್ತು. ಹತ್ತು ಮಾರು ಆಚೆಗೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತೆರೆ ಖಾಲಿ ಇತ್ತು. 20ರಲ್ಲಿ ಏನೂ ಇಲ್ಲ, 15ರಲ್ಲಿ ಏನೂ ಇಲ್ಲ. ಸುಮಾರು ಹೊತ್ತು ಕೂತ ಮೇಲೆ 34 ಮೀಟರಿನಲ್ಲಿ ಒಂದು ಗುರುತು ಮೂಡಿ, ನಿಧಾನವಾಗಿ ಎಡಕ್ಕೆ ಸರಿಯಿತು.

"ಎಷ್ಟು ದೂರದಲ್ಲದೆ?" ಎಂದು ಕೇಳಿದರು ಅಪ್ಪ.

"ಮೂವತ್ನಾಲ್ಕು ಮೀಟ್ರು ಕನಪ್ಪ."

ಅಪ್ಪ ಟಾರ್ಚು ಹಿಡಿದು ಬದುವಿನ ಗುಂಟ ಹೊರಟರು. ತೆರೆಯ ಮೇಲೆ ಈಗ ಎರಡು ಗುರುತು, ಒಂದು ನಿಂತದ್ದು, ಇನ್ನೊಂದು ಅದರ ಕಡೆಗೆ ನಡೆಯುವುದು. ಎರಡೂ ಹತ್ತಿರ ಬಂದಾಗ ಮಂಜಿನೊಳಗಿನಿಂದ ಅಪ್ಪನ ದನಿ ಕೇಳಿತು. ಪಕ್ಕದ ಹೊಲದವರ ಎಮ್ಮೆ ಹಗ್ಗ ಕಿತ್ತುಕೊಂಡು ಬಂದಿತ್ತು. ಅದನ್ನು ಗದರಿಸಿಕೊಂಡು ಅವರು ಹಿಂದಕ್ಕೆ ಹೊಡೆದುಕೊಂಡು ಹೋಗುವ ತನಕ ಎರಡು ಗುರುತುಗಳೂ ತೆರೆಯ ಮೇಲೆ ಜೊತೆಯಾಗಿ ದೂರ ಸರಿಯುತ್ತಿದ್ದವು.